ಮೂರು ಗಂಟೆಯ ಗೆರೆ ಮತ್ತು ಮೊದಲ ‘ಇಲ್ಲ’

ವಿಮಾನ ಲೇಟಾದ ರಾತ್ರಿ ನನಗೆ ಅಂಥ ಸಿಟ್ಟೇನೂ ಬಂದಿರಲಿಲ್ಲ. ಸುಸ್ತಾಗಿತ್ತು, ಅಷ್ಟೇ. ಸಿಟ್ಟು ಬಂದದ್ದು ಕೆಲವು ವಾರ ಕಳೆದ ಮೇಲೆ, ಪರಿಹಾರ ಕೇಳಿ ಬರೆದಿದ್ದಕ್ಕೆ ಏರ್‌ಲೈನ್‌ನಿಂದ ಬಂದ ಉತ್ತರ ಓದಿದಾಗ. ಬಹಳ ವಿನಯದ ಮೇಲ್ ಅದು. ನಿಮಗಾದ ತೊಂದರೆಗೆ ವಿಷಾದವಿದೆ, ನಿಮ್ಮ ನಂಬಿಕೆ ನಮಗೆ ದೊಡ್ಡದು, ಎಲ್ಲ ಇತ್ತು. ನಡುವೆ ಒಂದೇ ಸಾಲಿನಲ್ಲಿ ವಿಷಯ ಮುಗಿಸಿದ್ದರು: ತಡವಾಗಿದ್ದು ನಮ್ಮ ಕೈಮೀರಿದ ಕಾರಣದಿಂದ, ಹಾಗಾಗಿ ಪರಿಹಾರ ಕೊಡಲು ಬರುವುದಿಲ್ಲ. ಯಾವ ಕಾರಣ? ಬರೆದಿರಲಿಲ್ಲ. ಕೊನೆಯಲ್ಲಿ ಸಮಾಧಾನಕ್ಕೆ ಅಂತ, ಮುಂದಿನ ಟಿಕೆಟ್‌ಗೆ ಬಳಸಿಕೊಳ್ಳಬಹುದಾದ ಒಂದು ಸಣ್ಣ ವೋಚರ್.

ಆ ಒಂದು ಸಾಲು ತಲೆಯಲ್ಲೇ ಕೂತುಬಿಟ್ಟಿತು. ಇದನ್ನು ಓದಿ ಎಷ್ಟು ಜನ ‘ಓ, ಹಾಗಾ, ಸರಿ ಬಿಡಿ’ ಅಂದುಕೊಂಡು ಸುಮ್ಮನಾಗಿರಬಹುದು? ಕೆಲಸ, ಮನೆ, ಮಕ್ಕಳು ಅಂತ ಓಡಾಡುವ ಯಾರಿಗೆ 250 ಯೂರೋಗಾಗಿ ಪತ್ರ ಬರೆಯುತ್ತಾ ಕೂರುವ ಪುರುಸೊತ್ತಿದೆ? ಏರ್‌ಲೈನ್‌ಗಳಿಗೂ ಇದು ಚೆನ್ನಾಗಿ ಗೊತ್ತು. ವಿಮಾನ ತಡವಾದರೆ ಪ್ರಯಾಣಿಕರಿಗೆ ಪರಿಹಾರ ಕೊಡಿಸುವ ಯುರೋಪಿನ ಕಾನೂನಿನ ಬಗ್ಗೆ ಓದುತ್ತಾ ಹೋದ ಹಾಗೆ ನನಗೆ ಅನಿಸಿದ್ದು ಇಷ್ಟು: ಆ ಮೊದಲ ‘ಇಲ್ಲ’ ಎಂಬುದು ತೀರ್ಪಲ್ಲ. ಸಂತೆಯಲ್ಲಿ ಅಂಗಡಿಯವನು ಮೊದಲು ಹೇಳುವ ಬೆಲೆ ಇದ್ದ ಹಾಗೆ ಅದು. ಅದನ್ನೇ ಕೊನೆಯ ಮಾತು ಅಂದುಕೊಂಡವರು ಎದ್ದು ಹೋಗುತ್ತಾರೆ.

ಯುರೋಪಿನಲ್ಲಿ ಓಡಾಡುವವರಿಗೆ ನಿಯಮ ಗೊತ್ತಿರುತ್ತದೆ, ಹಾಗಾಗಿ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 261/2004 ಎಂಬ ನಂಬರಿನ ಯುರೋಪಿಯನ್ ಒಕ್ಕೂಟದ ನಿಯಮ 2005ರ ಫೆಬ್ರವರಿ 17ರಿಂದ ಜಾರಿಯಲ್ಲಿದೆ. 1500 ಕಿಲೋಮೀಟರ್ ಒಳಗಿನ ಫ್ಲೈಟು ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾಗಿ ತಲುಪಿದರೆ ತಲೆಗೆ 250 ಯೂರೋ. ದೂರ ಹೆಚ್ಚಾದ ಹಾಗೆ ಅದು 400, 600 ಆಗುತ್ತದೆ. ಬ್ರಿಟನ್ ಒಕ್ಕೂಟದಿಂದ ಹೊರಬಿದ್ದ ಮೇಲೂ ಅದೇ ನಿಯಮವನ್ನು ತನ್ನದಾಗಿ ಇಟ್ಟುಕೊಂಡಿದೆ. ಅಲ್ಲಿ ಹತ್ತಿರದ ಫ್ಲೈಟಿಗೆ 220 ಪೌಂಡ್. ಒಕ್ಕೂಟದ ಊರಿನಿಂದ ಹೊರಡುವ ಫ್ಲೈಟು ಯಾವ ದೇಶದ ಏರ್‌ಲೈನ್‌ನದ್ದಾದರೂ ನಿಯಮ ಅನ್ವಯಿಸುತ್ತದೆ. ಹೊರಗಿನಿಂದ ಒಳಗೆ ಬರುವಾಗ ಮಾತ್ರ ಏರ್‌ಲೈನ್ ಒಕ್ಕೂಟದ್ದೇ ಆಗಿರಬೇಕು. (ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಬರುವವರು ಇದನ್ನು ನೆನಪಿಟ್ಟುಕೊಳ್ಳಿ. ಭಾರತದ ಏರ್‌ಲೈನ್‌ನಲ್ಲಿ ಬಂದರೂ ನಿಮಗೆ ಹಕ್ಕಿದೆ. ಅದೇ ಏರ್‌ಲೈನ್‌ನಲ್ಲಿ ವಾಪಸ್ ಹೋಗುವಾಗ ಇಲ್ಲ.)

ಬಾಗಿಲು ತೆರೆದ ಹೊತ್ತು

ನನ್ನದು ವಿಯೆನ್ನಾದಿಂದ ಆಮ್‌ಸ್ಟರ್‌ಡ್ಯಾಮಿಗೆ ರಾತ್ರಿಯ ಫ್ಲೈಟು. ದೂರ ಸಾವಿರ ಕಿಲೋಮೀಟರ್‌ಗೂ ಕಡಿಮೆ. ಗೇಟಿನ ಮೇಲಿನ ಬೋರ್ಡಿನಲ್ಲಿ ಹೊರಡುವ ಹೊತ್ತು ಒಂದೇ ಸಲ ಮೂರು ಗಂಟೆ ಮುಂದೆ ಹೋಗಲಿಲ್ಲ. ಇಪ್ಪತ್ತು ನಿಮಿಷ, ಆಮೇಲೆ ಇನ್ನಿಪ್ಪತ್ತೈದು, ಆಮೇಲೆ ಮುಕ್ಕಾಲು ಗಂಟೆ. ಹೀಗೆ ಕಂತು ಕಂತಾಗಿ ಹೇಳಿದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಇನ್ನೇನು ಹೊರಟೇಬಿಡುತ್ತದೆ ಅಂತ ಎಲ್ಲರೂ ಕಾಯುತ್ತಾರೆ. ‘ಹಿಂದಿನ ಟ್ರಿಪ್ ಮುಗಿಸಿ ವಿಮಾನ ಬರಬೇಕು’ ಎಂದಷ್ಟೇ ಗೇಟಿನ ಹುಡುಗಿ ಹೇಳುತ್ತಿದ್ದಳು. ಅವಳಿಗೂ ಅದಕ್ಕಿಂತ ಜಾಸ್ತಿ ಗೊತ್ತಿರಲಿಲ್ಲ ಅನಿಸುತ್ತದೆ.

ಎರಡು ಗಂಟೆ ದಾಟಿದ ಮೇಲೆ ಊಟದ ಕೂಪನ್ ಹಂಚಿದರು. ಹತ್ತಿರದ ಫ್ಲೈಟುಗಳಿಗೆ ಎರಡು ಗಂಟೆಯಾದರೆ ತಿನ್ನಲು ಕುಡಿಯಲು ಕೊಡಲೇಬೇಕು, ನಿಯಮದಲ್ಲೇ ಇದೆ. ಕೂಪನ್ ಕೈಗೆ ಬರುವ ಹೊತ್ತಿಗೆ ನಮ್ಮ ಗೇಟಿನ ಸಾಲಿನ ಅಂಗಡಿಗಳು ಶಟರ್ ಎಳೆಯುತ್ತಿದ್ದವು. ಒಂದರಲ್ಲಿ ಮಾತ್ರ ಅರ್ಧ ಎಳೆದ ಶಟರ್ ಕೆಳಗೆ ಬಗ್ಗಿ ನಾಲ್ಕೈದು ಜನ ನೀರಿನ ಬಾಟಲಿ, ಒಣಗಿದ ಸ್ಯಾಂಡ್‌ವಿಚ್ ತಂದರು. ಉಳಿದವರು ಕೂಪನ್ನನ್ನು ಪುಸ್ತಕದೊಳಗೆ ಇಟ್ಟುಕೊಂಡು ಕೂತರು. ಅದೇ ನಿಯಮದ ಪ್ರಕಾರ ಕಾಯುವ ಪ್ರಯಾಣಿಕನಿಗೆ ಎರಡು ಫೋನ್ ಕರೆಯನ್ನೋ, ಟೆಲೆಕ್ಸ್ ಅಥವಾ ಫ್ಯಾಕ್ಸನ್ನೋ, ಇಮೇಲನ್ನೋ ಪುಕ್ಕಟೆ ಮಾಡಿಕೊಡಬೇಕು. ಟೆಲೆಕ್ಸ್! ಆ ರಾತ್ರಿ ಹೋಗಿ ಕೇಳಬೇಕಿತ್ತು ಅಂತ ಈಗಲೂ ಆಸೆಯಾಗುತ್ತದೆ.

ಕೊನೆಗೂ ಹತ್ತಿ ಕೂತ ಮೇಲೆ ಪೈಲಟ್ ಮೈಕಿನಲ್ಲಿ ಕ್ಷಮೆ ಕೇಳಿದರು. ಮಧ್ಯಾಹ್ನದ ಒಂದು ಟ್ರಿಪ್‌ನಲ್ಲಿ ಯಾವುದೋ ಸೆನ್ಸರ್ ಕೈಕೊಟ್ಟಿತು, ಬಿಡಿಭಾಗ ತರಿಸಿ ಹಾಕುವಷ್ಟರಲ್ಲಿ ತಡವಾಯಿತು, ಅದು ದಿನಪೂರ್ತಿ ಬೆನ್ನು ಹತ್ತಿತು ಅಂದರು. ಮುಚ್ಚುಮರೆಯಿಲ್ಲದ ಮಾತು. ಅದನ್ನು ಫೋನಿನಲ್ಲಿ ಗುರುತು ಹಾಕಿಕೊಂಡೆ. ಆಗ ಅದರಿಂದ ಏನು ಉಪಯೋಗ ಅಂತ ಗೊತ್ತಿರಲಿಲ್ಲ, ಸುಮ್ನೆ ಬರೆದಿಟ್ಟೆ.

ಆಮ್‌ಸ್ಟರ್‌ಡ್ಯಾಮಿನಲ್ಲಿ ಚಕ್ರ ನೆಲ ಮುಟ್ಟಿದಾಗ ಲೆಕ್ಕದ ಪ್ರಕಾರ ಮೂರು ಗಂಟೆಗೆ ಇನ್ನೂ ನಾಲ್ಕೈದು ನಿಮಿಷ ಬಾಕಿಯಿತ್ತು. ಅಲ್ಲಿಂದ ನಿಲ್ಲುವ ಜಾಗಕ್ಕೆ ಹೋಗುವುದು ಒಂದು ಸಣ್ಣ ಪ್ರಯಾಣವೇ. ನಡುವೆ ಇನ್ಯಾವುದೋ ವಿಮಾನ ಜಾಗ ಬಿಡಲಿ ಅಂತ ನಿಂತೆವು. ನನ್ನ ಹಿಂದಿನ ಸೀಟಿನಲ್ಲಿ ಸೂಟು ಹಾಕಿದ ಒಬ್ಬರು ವಾಚು ನೋಡಿಕೊಳ್ಳುತ್ತಾ ಪಕ್ಕದವರಿಗೆ ‘ನಿಧಾನಕ್ಕೆ ಹೋಗಲಿ, ನಿಧಾನಕ್ಕೆ ಹೋಗಲಿ’ ಅನ್ನುತ್ತಿದ್ದರು. ಮೂರು ಗಂಟೆ ಕಾಯಿಸಿದ ವಿಮಾನ ಇನ್ನೂ ಐದು ನಿಮಿಷ ಕಾಯಿಸಲಿ ಅಂತ ಹಾರೈಸುವ ಪ್ರಯಾಣಿಕನನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲು ತೆರೆದಾಗ ಮೂರು ಗಂಟೆ ಏಳು ನಿಮಿಷ. ಅವರು ಎದ್ದು ನಿಂತು, ತೆರೆದ ಬಾಗಿಲಿನ ಫೋಟೋ ತೆಗೆದುಕೊಂಡರು. ನಾನೂ ತೆಗೆದುಕೊಂಡೆ.

ಅವರಿಗೆ ಗೊತ್ತಿದ್ದದ್ದು ನನಗೆ ಆಮೇಲೆ ಗೊತ್ತಾಯಿತು. ಸಾಲ್ಸ್‌ಬರ್ಗ್‌ನಿಂದ ಕಲೋನ್–ಬಾನ್‌ಗೆ 2012ರ ಮೇ ತಿಂಗಳಲ್ಲಿ ಹೋದ ಜರ್ಮನ್‌ವಿಂಗ್ಸ್ ವಿಮಾನವೊಂದು 14:40ಕ್ಕೆ ತಲುಪಬೇಕಿತ್ತು. ಚಕ್ರ ನೆಲ ಮುಟ್ಟಿದ್ದು 17:38ಕ್ಕೆ, ನಿಲ್ಲುವ ಜಾಗ ತಲುಪಿದ್ದು 17:43ಕ್ಕೆ. ನೆಲ ಮುಟ್ಟಿದ ಹೊತ್ತು ಹಿಡಿದರೆ ತಡ ಎರಡು ಗಂಟೆ ಐವತ್ತೆಂಟು ನಿಮಿಷ, ಪರಿಹಾರ ಇಲ್ಲ. ನಿಂತ ಹೊತ್ತು ಹಿಡಿದರೆ ಮೂರು ಗಂಟೆ ಮೂರು ನಿಮಿಷ, 250 ಯೂರೋ. ಈ ಐದು ನಿಮಿಷದ ಜಗಳ ಲಕ್ಸಂಬರ್ಗ್‌ನಲ್ಲಿರುವ ಯುರೋಪಿನ ದೊಡ್ಡ ಕೋರ್ಟಿನವರೆಗೆ ಹೋಯಿತು. 2014ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಹೇಳಿದ್ದು ಸರಳ: ಕನಿಷ್ಠ ಒಂದು ಬಾಗಿಲು ತೆರೆದು, ಜನ ಇಳಿಯಬಹುದು ಅನ್ನುವ ಹೊತ್ತೇ ತಲುಪಿದ ಹೊತ್ತು. ಒಳಗೆ ಕೂತವನು ಮುಚ್ಚಿದ ಜಾಗದಲ್ಲಿ ಸಿಕ್ಕಿಕೊಂಡಿರುತ್ತಾನೆ. ಫೋನು, ಕೆಲಸ, ಮನೆಯವರು ಯಾವುದೂ ಅವನ ಕೈಯಲ್ಲಿರುವುದಿಲ್ಲ. ಆ ಸ್ಥಿತಿ ಮುಗಿಯುವುದು ಬಾಗಿಲು ತೆರೆದಾಗ ಮಾತ್ರ. ಕೋರ್ಟಿನ ಈ ತರ್ಕ ನನಗೆ ತುಂಬಾ ಹಿಡಿಸಿತು. ವಿಮಾನ ಇಳಿದ ಮೇಲೂ ಒಳಗೇ ಕೂತು ಚಡಪಡಿಸಿದವರು ಯಾರಾದರೂ ಒಪ್ಪುವ ಮಾತು.

ಇನ್ನೊಂದು ಮಜಾ ಇದೆ. ಆ ಮೂರು ಗಂಟೆ ನಿಯಮದ ಪಠ್ಯದಲ್ಲೇ ಇಲ್ಲ! ಮೂಲ ನಿಯಮ ಹಣ ಕೊಡು ಅನ್ನುವುದು ವಿಮಾನ ರದ್ದಾದರೆ ಮತ್ತು ಸೀಟು ಕೊಡದೆ ಕೆಳಗೆ ಉಳಿಸಿದರೆ. ತಡವಾದರೆ ಊಟ, ಹೋಟೆಲು, ಐದು ಗಂಟೆ ದಾಟಿದರೆ ಟಿಕೆಟ್ ಹಣ ವಾಪಸ್, ಅಷ್ಟೇ. ಫ್ರಾಂಕ್‌ಫರ್ಟ್–ಟೊರಾಂಟೊ ಟಿಕೆಟ್ ಕೊಂಡ ಒಂದು ಕುಟುಂಬ 25 ಗಂಟೆ ತಡವಾಗಿ ಮನೆ ಸೇರಿದ ಪ್ರಕರಣದಲ್ಲಿ, 2009ರ ನವೆಂಬರ್‌ನಲ್ಲಿ, ಕೋರ್ಟು ಈ ಅಂತರವನ್ನು ಮುಚ್ಚಿತು. ಕೊನೆಗಳಿಗೆಯಲ್ಲಿ ರದ್ದು ಮಾಡಿ ಬೇರೆ ವಿಮಾನ ಹತ್ತಿಸಿದಾಗ, ಅದು ಒಂದು ಗಂಟೆಗಿಂತ ಮುಂಚೆ ಹೊರಡದೆ, ಎರಡು ಗಂಟೆಯೊಳಗಿನ ತಡದಲ್ಲಿ ತಲುಪಿಸಿದರೆ ಏರ್‌ಲೈನ್ ಹಣ ಕೊಡಬೇಕಿಲ್ಲ. ಅಂದರೆ ಒಟ್ಟು ಮೂರು ಗಂಟೆ ಕಳೆದುಕೊಂಡವನಿಗೆ ಹಣ ಸಿಗುತ್ತದೆ. ಹಾಗಿದ್ದಮೇಲೆ ಅಷ್ಟೇ ಹೊತ್ತು ಕಳೆದುಕೊಂಡ, ರದ್ದಾಗದ ವಿಮಾನದಲ್ಲಿ ಕೂತವನಿಗೆ ಯಾಕಿಲ್ಲ? ಒಂದು ಕೂಡಿಸು ಎರಡು, ಮೂರು. ಏರ್‌ಲೈನ್‌ಗಳಿಗೆ ಈ ತೀರ್ಪು ಇವತ್ತಿಗೂ ಜೀರ್ಣವಾಗಿಲ್ಲ. ಕೋರ್ಟು ಕಾನೂನು ಓದಲಿಲ್ಲ, ಬರೆಯಿತು ಅನ್ನುವುದು ಅವರ ದೂರು. ಅದರಲ್ಲಿ ಸ್ವಲ್ಪ ಹುರುಳಿದೆ ಕೂಡ. ಆದರೆ 2012ರಲ್ಲಿ ಅದೇ ಪ್ರಶ್ನೆ ಮತ್ತೆ ಬಂದಾಗಲೂ ಕೋರ್ಟು ತನ್ನ ಮಾತಿನಿಂದ ಹಿಂದೆ ಸರಿಯಲಿಲ್ಲ.

ಕಾರಣ ಗೊತ್ತಿರುವುದು ಒಬ್ಬರಿಗೇ

ಹತ್ತಿರದ ಫ್ಲೈಟುಗಳ ಸ್ವಭಾವವೇ ಬೇರೆ. ಖಂಡದಾಚೆ ಹೋಗುವ ವಿಮಾನ ದಿನಕ್ಕೆ ಒಂದೋ ಎರಡೋ ಸಲ ಹಾರುತ್ತದೆ. ಗಂಟೆ, ಎರಡು ಗಂಟೆಯ ದಾರಿಯ ವಿಮಾನ ಬೆಳಗಿನಿಂದ ರಾತ್ರಿಯವರೆಗೆ ನಾಲ್ಕೈದು ಟ್ರಿಪ್ ಹೊಡೆಯುತ್ತದೆ. ಎರಡು ಟ್ರಿಪ್‌ಗಳ ನಡುವೆ ನೆಲದ ಮೇಲೆ ಸಿಗುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ, ಕಡಿಮೆ ದರದ ಏರ್‌ಲೈನ್‌ಗಳಲ್ಲಿ ಅದೂ ಇಲ್ಲ. ಬೆಳಗ್ಗೆ ಕಳೆದುಕೊಂಡ ಹೊತ್ತನ್ನು ಮತ್ತೆ ಹಿಡಿಯಲು ಸಂದೇ ಇರುವುದಿಲ್ಲ. ಅದರ ಮೇಲೆ, ಯುರೋಪಿನ ಆಕಾಶದ ಸಂಚಾರವನ್ನು ಹೊಂದಿಸುವ ಬ್ರಸೆಲ್ಸ್‌ನ ಯುರೋಕಂಟ್ರೋಲ್ ಸಂಸ್ಥೆ ಕೊಡುವ ಸ್ಲಾಟ್, ಅಂದರೆ ಹೊರಡುವ ಸರದಿ. ಹೊರಡಲು ಗೊತ್ತುಮಾಡಿದ ಹೊತ್ತಿಗೆ ಐದು ನಿಮಿಷ ಮುಂಚೆ, ಹತ್ತು ನಿಮಿಷ ಆಮೇಲೆ, ಅಷ್ಟೇ ಕಿಂಡಿ. ಅದು ತಪ್ಪಿದರೆ ಹೊಸ ಸ್ಲಾಟ್‌ಗೆ ಸಾಲು. ಅಷ್ಟರಲ್ಲಿ ಪೈಲಟ್‌ಗಳ ಕೆಲಸದ ಗಂಟೆ ಮುಗಿಯುತ್ತಾ ಬರುತ್ತದೆ. ಹೀಗಾಗಿ ರಾತ್ರಿಯ ಕೊನೆಯ ಫ್ಲೈಟಿನವರು ದಿನಪೂರ್ತಿಯ ತಪ್ಪುಗಳನ್ನೆಲ್ಲ ಒಟ್ಟಿಗೆ ಹೊರುತ್ತಾರೆ. ಅಗ್ಗದ ಟಿಕೆಟ್ ಹುಡುಕುವವರು ಹತ್ತುವುದು ಹೆಚ್ಚಾಗಿ ಅದನ್ನೇ.

ಇಷ್ಟು ಕಾರಣಗಳ ಸರಪಳಿಯಲ್ಲಿ ಯಾವ ಕೊಂಡಿ ಯಾವಾಗ ತುಂಡಾಯಿತು ಅನ್ನುವುದು ಏರ್‌ಲೈನ್‌ನ ಲಾಗ್‌ಬುಕ್ಕಿನಲ್ಲಿ ನಿಮಿಷದ ಲೆಕ್ಕದಲ್ಲಿ ಇರುತ್ತದೆ. ಗೇಟಿನಲ್ಲಿ ಕೂತ ನಮಗೆ ಕಾಣುವುದು ಬದಲಾಗುವ ಒಂದು ಅಂಕಿ. ಕಾನೂನು ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಸಾಬೀತು ಮಾಡುವ ಹೊಣೆಯನ್ನು ಏರ್‌ಲೈನ್ ಮೇಲೆ ಹಾಕಿದರು. ತಡವಾಗಿದ್ದು ಅಸಾಧಾರಣ ಸಂದರ್ಭದಿಂದ, ಸಾಧ್ಯವಿದ್ದ ಕ್ರಮಗಳನ್ನೆಲ್ಲ ಕೈಗೊಂಡರೂ ತಪ್ಪಿಸಲು ಆಗುತ್ತಿರಲಿಲ್ಲ ಎಂದು ಅವರು ತೋರಿಸಿದರೆ ಮಾತ್ರ ಹಣ ಉಳಿಯುತ್ತದೆ. ಎರಡನ್ನೂ ತೋರಿಸಬೇಕು. ಬರೀ ‘ಕೈಮೀರಿದ ಕಾರಣ’ ಎಂದರೆ ಯಾವುದನ್ನೂ ತೋರಿಸಿದ ಹಾಗಲ್ಲ.

ಯಾವುದು ಅಸಾಧಾರಣ ಅಂತ ತೀರ್ಮಾನಿಸುತ್ತಲೇ ಕೋರ್ಟು ಇಷ್ಟು ವರ್ಷ ಕಳೆದಿದೆ. ವಿಮಾನ ಕೆಡುವುದು ಅಸಾಧಾರಣವಲ್ಲ, ಅದು ವಿಮಾನ ಓಡಿಸುವ ಕಸುಬಿನ ಭಾಗ ಅಂತ 2008ರ ಕೊನೆಯಲ್ಲೇ ಹೇಳಿತು. ಮುನ್ಸೂಚನೆಯಿಲ್ಲದೆ ಕೆಟ್ಟರೂ ಅಷ್ಟೇ ಅಂತ 2015ರಲ್ಲಿ ಗಟ್ಟಿ ಮಾಡಿತು. ಹಕ್ಕಿ ಬಡಿದರೆ ಅಸಾಧಾರಣ, 2017. ರನ್‌ವೇ ಮೇಲೆ ಬಿದ್ದ ಸ್ಕ್ರೂ ಟೈರಿಗೆ ಚುಚ್ಚಿದರೆ ಅಸಾಧಾರಣ, 2019. ಏರ್‌ಲೈನ್‌ನ ಸ್ವಂತ ಪೈಲಟ್‌ಗಳು ಸಂಬಳಕ್ಕಾಗಿ ಮುಷ್ಕರ ಹೂಡಿದರೆ ಅಲ್ಲ, 2021. ಹಿಂದಿನ ಟ್ರಿಪ್‌ನಲ್ಲಿ ಆದ ಅಸಾಧಾರಣ ಘಟನೆಯನ್ನು ಮುಂದಿನ ಟ್ರಿಪ್‌ಗೂ ತೋರಿಸಬಹುದು, ಆದರೆ ಎರಡಕ್ಕೂ ನೇರ ಸಂಬಂಧ ಇರಬೇಕು. ‘ವಿಮಾನ ತಡವಾಗಿ ಬಂತು’ ಅನ್ನುವುದೊಂದೇ ಉತ್ತರವಾಗುವುದಿಲ್ಲ. ಅದು ಯಾಕೆ ತಡವಾಗಿ ಬಂತು ಅನ್ನುವ ಪ್ರಶ್ನೆ ಇನ್ನೂ ಹಾಗೇ ನಿಂತಿರುತ್ತದೆ.

ಇವುಗಳಲ್ಲಿ ನನ್ನನ್ನು ಬಹಳ ಕಾಡಿದ್ದು 2023ರ ಮೇ ತಿಂಗಳ ತೀರ್ಪು. ಸ್ಟುಟ್‌ಗಾರ್ಟ್‌ನಿಂದ ಲಿಸ್ಬನ್‌ಗೆ ಬೆಳಗ್ಗೆ 6:05ಕ್ಕೆ ಫ್ಲೈಟು. ಹೊರಡಲು ಎರಡು ಗಂಟೆ ಕೂಡ ಇಲ್ಲದ ಹೊತ್ತಿನಲ್ಲಿ, ಸಹ ಪೈಲಟ್ ಹೋಟೆಲ್ ಕೋಣೆಯಲ್ಲಿ ತೀರಿಕೊಂಡಿರುವುದು ಗೊತ್ತಾಯಿತು. ಜೊತೆಗಿದ್ದ ಸಿಬ್ಬಂದಿಗೆ ಆಘಾತವಾಗಿ, ನಾವು ಹಾರುವ ಸ್ಥಿತಿಯಲ್ಲಿಲ್ಲ ಅಂದರು. ಬದಲಿ ತಂಡ ಲಿಸ್ಬನ್‌ನಿಂದ ಬರಬೇಕಾಯಿತು. ಇದಕ್ಕಿಂತ ಕೈಮೀರಿದ್ದು ಇನ್ನೇನಿದೆ ಅನಿಸುತ್ತದೆ ಅಲ್ವಾ? ಕೋರ್ಟು ಹಾಗೆ ನೋಡಲಿಲ್ಲ. ಸಿಬ್ಬಂದಿಗೆ ಕಾಯಿಲೆ ಬರಬಹುದು, ಸಾವೂ ಬರಬಹುದು. ಅಂಥ ಗೈರುಹಾಜರಿಗೆ ಮೊದಲೇ ಸಿದ್ಧವಾಗಿರುವುದು ಏರ್‌ಲೈನ್‌ನ ದಿನನಿತ್ಯದ ಕೆಲಸ, ಹಣ ಕೊಡಲೇಬೇಕು ಅಂತ ತೀರ್ಮಾನಿಸಿತು. ಮನಸ್ಸು ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು. ಒಬ್ಬ ಮನುಷ್ಯ ಸತ್ತ ದಿನ ತನ್ನ 400 ಯೂರೋ ಎಣಿಸುವ ಪ್ರಯಾಣಿಕನ ಜಾಗದಲ್ಲಿ ನಿಲ್ಲಲು ನನಗೆ ಇಷ್ಟವಿಲ್ಲ. ಆದರೂ ತರ್ಕ ಸರಿಯಿದೆ ಅನ್ನುತ್ತೇನೆ. ಯಾಕೆಂದರೆ ಅದೇ ಬಾಗಿಲು ಒಮ್ಮೆ ತೆರೆದರೆ, ಕೊನೆಗಳಿಗೆಯಲ್ಲಿ ಬಂದ ಪ್ರತಿ ಜ್ವರವೂ ಪ್ರತಿ ಹೊಟ್ಟೆನೋವೂ ‘ಕೈಮೀರಿದ ಕಾರಣ’ ಆಗುತ್ತದೆ.

ಸಾಧ್ಯವಿದ್ದ ಕ್ರಮ ಅನ್ನುವುದಕ್ಕೂ ಒಳ್ಳೆಯ ಉದಾಹರಣೆ ಇದೆ. ಕೋಪನ್‌ಹೇಗನ್‌ನಿಂದ ರೀಗಾಕ್ಕೆ 2006ರ ಬೇಸಿಗೆಯ ಒಂದು ರಾತ್ರಿ ಫ್ಲೈಟು. ಸ್ವೀಡನ್ನಿನ ಮಾಲ್ಮೊ ಭಾಗದಲ್ಲಿ ಕರೆಂಟು ಹೋಗಿ ರಾಡಾರ್ ಕೆಟ್ಟು ಆಕಾಶವನ್ನೇ ಮುಚ್ಚಿದರು. ಅದು ಅಸಾಧಾರಣವೇ, ತಕರಾರಿಲ್ಲ. ಆದರೆ ಫ್ಲೈಟು ರದ್ದಾಗಿದ್ದು ಅಷ್ಟರಲ್ಲಿ ಸಿಬ್ಬಂದಿಯ ಕೆಲಸದ ಗಂಟೆ ಮುಗಿದುಹೋಗಿದ್ದರಿಂದ. ಏರ್‌ಲೈನ್ ತನ್ನ ವೇಳಾಪಟ್ಟಿಯಲ್ಲಿ ಇಂಥದ್ದಕ್ಕೆಂದು ಸ್ವಲ್ಪ ಹೊತ್ತನ್ನು ಮೀಸಲಿಟ್ಟುಕೊಳ್ಳಬೇಕು ಅಂತ ಕೋರ್ಟು 2011ರಲ್ಲಿ ಹೇಳಿತು. ಬೆಳಗಿನಿಂದ ರಾತ್ರಿಯವರೆಗೆ ಉಸಿರು ಬಿಡದ ಹಾಗೆ ಟ್ರಿಪ್‌ಗಳನ್ನು ಪೋಣಿಸಿ, ಆಮೇಲೆ ದಾರ ತುಂಡಾಯಿತು ಅಂತ ಆಕಾಶ ತೋರಿಸಲು ಬರುವುದಿಲ್ಲ.

ಎರಡನೇ ಪತ್ರ

ನಾನು ಎರಡನೇ ಪತ್ರ ಬರೆದೆ. ಕೋಪದ ಮಾತು ಒಂದೂ ಹಾಕಲಿಲ್ಲ. ಕೋಪಕ್ಕೆ ಅವರ ಹತ್ತಿರ ಸಿದ್ಧ ಉತ್ತರಗಳಿರುತ್ತವೆ. ಫ್ಲೈಟ್ ನಂಬರ್, ತಾರೀಖು, ಬಾಗಿಲು ತೆರೆದ ಹೊತ್ತು ಬರೆದು, ನೇರ ಪ್ರಶ್ನೆಗಳನ್ನಷ್ಟೇ ಇಟ್ಟೆ. ತಡಕ್ಕೆ ಕಾರಣವಾದ ಘಟನೆ ಯಾವುದು? ಅದು ಯಾವ ಟ್ರಿಪ್‌ನಲ್ಲಿ, ಎಷ್ಟು ಹೊತ್ತಿಗೆ ಆಯಿತು? ಅದಾದ ಮೇಲೆ ತಡ ತಪ್ಪಿಸಲು ಏನೇನು ಮಾಡಿದಿರಿ, ಬದಲಿ ವಿಮಾನ ಯಾಕೆ ಸಿಗಲಿಲ್ಲ? ಜೊತೆಗೆ ಪೈಲಟ್ ಮೈಕಿನಲ್ಲಿ ಹೇಳಿದ ಸೆನ್ಸರ್ ಮಾತನ್ನೂ ಸೇರಿಸಿದೆ.

ಉತ್ತರ ಬಂತು. ಈ ಸಲ ಕಾರಣ ಇತ್ತು: ವಾಯು ಸಂಚಾರ ನಿಯಂತ್ರಣದ ನಿರ್ಬಂಧ. ಸೆನ್ಸರ್ ಸುದ್ದಿಯೇ ಇಲ್ಲ. ವಿಮಾನದೊಳಗೆ ಒಂದು ಕಾರಣ, ಮೇಲ್‌ನಲ್ಲಿ ಇನ್ನೊಂದು. ಅವರು ಬೇಕೆಂದೇ ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಸೆನ್ಸರ್‌ನಿಂದ ಹೊತ್ತು ತಪ್ಪಿ, ಆಮೇಲೆ ಸ್ಲಾಟ್ ಸಿಗದೆ ಇನ್ನೂ ತಡವಾಗಿರಬಹುದು. ಆಗ ಎರಡೂ ನಿಜವೇ. ಆದರೆ ಎರಡರಲ್ಲಿ ಹಣ ಉಳಿಸುವ ಕಾರಣವೊಂದೇ ಪತ್ರದೊಳಗೆ ಬಂತು ನೋಡಿ. ಮತ್ತೆ ಬರೆದೆ. ಒಟ್ಟು ತಡದಲ್ಲಿ ಆ ನಿರ್ಬಂಧದ ಪಾಲು ಎಷ್ಟು ನಿಮಿಷ, ಉಳಿದದ್ದು ಯಾವುದರಿಂದ, ದಾಖಲೆ ಕಳಿಸಿ, ಇಲ್ಲದಿದ್ದರೆ ಸಣ್ಣ ಮೊತ್ತದ ದಾವೆಗಳ ಯುರೋಪಿಯನ್ ಪ್ರಕ್ರಿಯೆಗೆ ಹೋಗುತ್ತೇನೆ ಅಂದೆ. ಗಡಿಯಾಚೆಯ ವ್ಯಾಜ್ಯಗಳಿಗೆ, 5000 ಯೂರೋವರೆಗಿನ ಮೊತ್ತಕ್ಕೆ, ವಕೀಲರಿಲ್ಲದೆ ಫಾರಂ ತುಂಬಿ ಹಾಕುವ ವ್ಯವಸ್ಥೆ ಅದು. ಆ ಮೇಲೆ ಬಂದ ಮೇಲ್‌ನಲ್ಲಿ ಕಾರಣದ ಮಾತೇ ಇರಲಿಲ್ಲ. ‘ಸೌಹಾರ್ದದ ದೃಷ್ಟಿಯಿಂದ’ ಎಂಬ ಪೀಠಿಕೆ, ಬ್ಯಾಂಕ್ ಖಾತೆಯ ವಿವರ ತುಂಬಲು ಒಂದು ಲಿಂಕು. ಪೂರ್ತಿ 250. ವೋಚರ್ ಅಲ್ಲ, ಹಣ. ಪ್ರಯಾಣಿಕ ಸಹಿ ಹಾಕಿ ಒಪ್ಪದೆ ವೋಚರ್ ಕೊಟ್ಟು ಕೈತೊಳೆಯಲು ನಿಯಮದಲ್ಲಿ ಅವಕಾಶವಿಲ್ಲ.

ಇಷ್ಟು ತಾಳ್ಮೆ ಇಲ್ಲದವರಿಗೆ, ಅವರ ಪರವಾಗಿ ಪರಿಹಾರ ಕೇಳುವ ಕ್ಲೇಮ್ ಕಂಪನಿಗಳಿವೆ. ಗೆದ್ದರೆ ಕಾಲು ಭಾಗವನ್ನೋ ಇನ್ನೂ ಜಾಸ್ತಿಯನ್ನೋ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಅವರನ್ನು ರಣಹದ್ದು ಅಂತ ಬೈಯುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಮೇಲೆ ಹೇಳಿದ ಪೈಲಟ್ ಮುಷ್ಕರದ ತೀರ್ಪು ತಂದದ್ದೇ ಇಂಥ ಒಂದು ಕಂಪನಿ. ಒಬ್ಬೊಬ್ಬರೇ ಪ್ರಯಾಣಿಕರು 250 ಯೂರೋಗೆ ಲಕ್ಸಂಬರ್ಗ್‌ವರೆಗೆ ಹೋಗುವುದು ಅಪರೂಪ. ಮೊದಲ ‘ಇಲ್ಲ’ಕ್ಕೆ ಖರ್ಚೇ ಇಲ್ಲದಿರುವಾಗ, ಅದಕ್ಕೆ ಎದುರು ನಿಲ್ಲುವ ಕಸುಬೊಂದು ಹುಟ್ಟಿಕೊಳ್ಳುವುದು ಸಹಜ. ಆದರೆ ಮೊದಲ ಪತ್ರ ನೀವೇ ಬರೆಯಿರಿ. ಅದಕ್ಕೆ ಪಾಲು ಕೊಡಬೇಕಾಗಿಲ್ಲ.

ಅಗ್ಗದ ಟಿಕೆಟ್, ದುಬಾರಿ ರಾತ್ರಿ

ಏರ್‌ಲೈನ್‌ಗಳ ವಾದಕ್ಕೂ ಕಿವಿಗೊಡಬೇಕು. 30 ಯೂರೋ ಟಿಕೆಟ್‌ಗೆ 250 ಯೂರೋ ಪರಿಹಾರ ಅಂದರೆ ಕೇಳಲು ವಿಚಿತ್ರವೇ. 180 ಸೀಟಿನ ವಿಮಾನ ತುಂಬಿದ್ದು, ಎಲ್ಲರೂ ಕೇಳಿದರೆ ಒಂದು ಸಂಜೆಗೆ 45,000 ಯೂರೋ. ಸಣ್ಣ ಊರುಗಳಿಗೆ ಓಡುವ ಸಣ್ಣ ಏರ್‌ಲೈನ್‌ಗೆ ಇದು ಪೆಟ್ಟೇ. ಮೂರು ಗಂಟೆಯೊಳಗೆ ಬದಲಿ ವಿಮಾನ ತರಿಸುವುದು ಎಷ್ಟೋ ಕಡೆ ಆಗುವುದಿಲ್ಲ, ಅವಧಿ ಹೆಚ್ಚಿಸಿದರೆ ರದ್ದು ಮಾಡುವ ಬದಲು ತಡವಾಗಿಯಾದರೂ ಹಾರಿಸುತ್ತೇವೆ ಅನ್ನುತ್ತಾರೆ. ಇದರಲ್ಲಿ ಸತ್ಯ ಇದೆ.

ಆದರೂ ಟಿಕೆಟ್ ಬೆಲೆಗೆ ಪರಿಹಾರವನ್ನು ಕಟ್ಟಿಹಾಕಬೇಕು ಅನ್ನುವುದನ್ನು ಒಪ್ಪಲಾರೆ. ಕೊಡುತ್ತಿರುವುದು ಕಳೆದುಹೋದ ಹೊತ್ತಿಗೆ. 30 ಯೂರೋ ಕೊಟ್ಟವನ ಮೂರು ಗಂಟೆ, 300 ಕೊಟ್ಟವನ ಮೂರು ಗಂಟೆಗಿಂತ ಚಿಕ್ಕದೇನಲ್ಲ. ಮರುದಿನ ಬೆಳಗಿನ ಪಾಳಿಗೆ ಹೋಗಬೇಕಾದವನು ಅಗ್ಗದ ಸೀಟಿನಲ್ಲೇ ಕೂತಿರುವ ಸಂಭವ ಜಾಸ್ತಿ. ಮೇಲಾಗಿ ಆ 250 ಎಂಬ ಅಂಕಿ 2005ರಿಂದ ಒಂದು ಯೂರೋ ಕೂಡ ಏರಿಲ್ಲ. ನನಗೆ ಸರಿಯೆನಿಸದ್ದು ಬೇರೆ: ಎರಡು ಗಂಟೆ ಐವತ್ತೊಂಬತ್ತು ನಿಮಿಷಕ್ಕೆ ಸೊನ್ನೆ, ಮುಂದಿನ ನಿಮಿಷಕ್ಕೆ ಪೂರ್ತಿ ಹಣ ಅನ್ನುವ ಕಡಿದಾದ ಗೆರೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಮೊತ್ತ ಇದ್ದಿದ್ದರೆ ಬಾಗಿಲಿನ ಫೋಟೋ ತೆಗೆಯುವ ಅಗತ್ಯವೇ ಇರುತ್ತಿರಲಿಲ್ಲ. (ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಲ್ಲಿ ತಡಕ್ಕೆ ಊಟ, ಹೋಟೆಲು, ಆರು ಗಂಟೆ ದಾಟುವಂತಿದ್ದರೆ ಬೇರೆ ಫ್ಲೈಟು ಅಥವಾ ಟಿಕೆಟ್ ಹಣ ವಾಪಸ್. ತಡಕ್ಕೆಂದೇ ಹಣದ ಪರಿಹಾರ ಇಲ್ಲ. ಅಲ್ಲಿ ಗೆರೆಯ ಜಗಳವೇ ಹುಟ್ಟುವುದಿಲ್ಲ.)

ಈ ಗೆರೆಯನ್ನು ಮುಂದಕ್ಕೆ ತಳ್ಳುವ ಪ್ರಯತ್ನ ಹಳೆಯದು. 2013ರಲ್ಲಿ ಯುರೋಪಿಯನ್ ಆಯೋಗವೇ ಹತ್ತಿರದ ಫ್ಲೈಟುಗಳಿಗೆ ಐದು ಗಂಟೆ ಮಾಡೋಣ ಅಂತ ಕರಡು ಇಟ್ಟಿತ್ತು. ಅದು ವರ್ಷಗಟ್ಟಲೆ ಕಪಾಟಿನಲ್ಲಿ ಕೂತಿತ್ತು. 2025ರ ಜೂನ್‌ನಲ್ಲಿ ಸದಸ್ಯ ದೇಶಗಳ ಸಚಿವರು ಹೊಸ ನಿಲುವಿಗೆ ಬಂದರು: 3500 ಕಿಲೋಮೀಟರ್‌ವರೆಗೆ ನಾಲ್ಕು ಗಂಟೆ, ಮೊತ್ತ 300 ಯೂರೋ. ಅದಕ್ಕಿಂತ ದೂರಕ್ಕೆ ಆರು ಗಂಟೆ, 500 ಯೂರೋ. 50 ಯೂರೋ ಜಾಸ್ತಿ ಕೊಟ್ಟು ಒಂದು ಗಂಟೆ ಕೊಂಡುಕೊಳ್ಳುವ ಲೆಕ್ಕ. ಯುರೋಪಿನ ಸಂಸತ್ತು ಮೂರು ಗಂಟೆಯನ್ನು ಬಿಟ್ಟುಕೊಡಲು ಒಪ್ಪುತ್ತಿಲ್ಲ. ಮೂರರಿಂದ ನಾಲ್ಕು ಗಂಟೆಯ ನಡುವೆ ಬೀಳುವ ತಡಗಳೆಲ್ಲ ಈ ಬದಲಾವಣೆಯಿಂದ ಪುಕ್ಕಟೆ ಆಗಿಬಿಡುತ್ತವೆ ಅನ್ನುವುದು ಗ್ರಾಹಕ ಸಂಘಟನೆಗಳ ತಕರಾರು. ನಾನೂ ಅವರ ಕಡೆಯೇ.

ಹಳೆಯ ತಡಗಳು ಯಾವುದಾದರೂ ನೆನಪಿದ್ದರೆ ಮೇಲ್‌ನಲ್ಲಿ ಒಮ್ಮೆ ಹುಡುಕಿ ನೋಡಿ. ಕೇಳಲು ಇರುವ ಗಡುವು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ಆರು ವರ್ಷ, ಜರ್ಮನಿಯಲ್ಲಿ ಆ ವರ್ಷ ಮುಗಿದಲ್ಲಿಂದ ಮೂರು ವರ್ಷ. ಹೊರಟ ಊರಿನ ಕೋರ್ಟಿನಲ್ಲೂ ಕೇಳಬಹುದು, ತಲುಪಿದ ಊರಿನ ಕೋರ್ಟಿನಲ್ಲೂ ಕೇಳಬಹುದು. ಬೋರ್ಡಿಂಗ್ ಪಾಸ್ ಕಳೆದಿದ್ದರೂ ಚಿಂತೆಯಿಲ್ಲ. ಅದಿಲ್ಲ ಎಂಬ ಒಂದೇ ಕಾರಣಕ್ಕೆ ಇಲ್ಲ ಅನ್ನುವ ಹಾಗಿಲ್ಲ, ಬುಕಿಂಗ್ ದೃಢಪಟ್ಟಿದ್ದರೆ ಸಾಕು ಅಂತ 2019ರಲ್ಲಿ ಕೋರ್ಟು ಹೇಳಿದೆ. ನೀವು ವಿಮಾನ ಹತ್ತಿರಲಿಲ್ಲ ಅಂತ ವಾದಿಸುವುದಾದರೆ, ಅದನ್ನು ತೋರಿಸುವ ಹೊಣೆಯೂ ಏರ್‌ಲೈನ್‌ನದ್ದೇ.